ರುಕ್ಮಿಣಮ್ಮ ಟೀಚರಿಗೆ ಒಂದು ಸೂಜಿ

ಸೀಗೇಕುಂಟೆಯಲ್ಲಿ ಮೂವತ್ತು ದಾಟದ ಯಾರನ್ನೇ ನಿಲ್ಲಿಸಿ, ಚಿಕ್ಕಂದಿನಲ್ಲಿ ನಿನಗೆ ಸೂಜಿ ಚುಚ್ಚಿದವರು ಯಾರು ಎಂದು ಕೇಳಿ. ರುಕ್ಮಿಣಮ್ಮ ಟೀಚರ್ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಆಕೆ ಇವತ್ತಿನವರೆಗೆ ಒಬ್ಬರಿಗೂ ಚುಚ್ಚಿದವರಲ್ಲ. ಚುಚ್ಚಿದ್ದು ಬಂದು ಹೋದ ಹತ್ತಾರು ನರ್ಸಮ್ಮಂದಿರು, ರುಕ್ಮಿಣಮ್ಮ ಬರೀ ಹಿಡಿದುಕೊಂಡವರು. ಆದರೆ ಮಕ್ಕಳ ನ್ಯಾಯದಲ್ಲಿ ತಪ್ಪೆಲ್ಲ ಹಿಡಿದುಕೊಂಡವರದೇ.

ಕುಂದಾಣ ಹೋಬಳಿಯ ಈ ಸಣ್ಣ ಊರಿಗೆ ಆಕೆ ಸೊಸೆಯಾಗಿ ಬಂದದ್ದು ಇಪ್ಪತ್ತನೇ ವಯಸ್ಸಿಗೆ, ಅಂಗನವಾಡಿ ಕಾರ್ಯಕರ್ತೆಯಾದದ್ದು ಇಪ್ಪತ್ತೇಳಕ್ಕೆ. ಈಗ ಐವತ್ತೆಂಟು. ಮೊದಮೊದಲು ಗುರುವಾರ ಬೆಳಿಗ್ಗೆ ನರ್ಸಮ್ಮನ ನೀಲಿ ಐಸ್ ಬಾಕ್ಸ್ ಬಸ್ಸಿನಿಂದ ಇಳಿಯಿತೆಂದರೆ ಸಾಕು, ಮಕ್ಕಳು ಹಿಪ್ಪುನೇರಳೆ ತೋಟದಲ್ಲಿ ಮಾಯವಾಗುತ್ತಿದ್ದರು, ಅಜ್ಜಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಚೆನ್ನಾಗಿರೋ ಮಗೂಗೆ ಜ್ವರ ಬರ್ಸಕ್ಕೆ ಬಂದ್ಯಾ ಎಂದು ಬೈಯುತ್ತಿದ್ದರು. ರುಕ್ಮಿಣಮ್ಮ ಬೈಸಿಕೊಳ್ಳುತ್ತಲೇ ಒಳಗೆ ಹೋಗಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಬರುತ್ತಿದ್ದರು. ಎಲ್ಲ ಮಕ್ಕಳಿಗೂ ಒಂದೇ ಮಾತು, 'ಇರುವೆ ಕಚ್ಚಿದ ಹಾಗೆ ಅಷ್ಟೇ.' ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ಎಷ್ಟು ಸಾವಿರ ಸಲ ಹೇಳಿದರೋ ಅವರಿಗೇ ಗೊತ್ತಿಲ್ಲ.

ಒಮ್ಮೆ ಮಾತ್ರ ಆಕೆ ಸೂಜಿಯನ್ನು ತಡೆದದ್ದುಂಟು. ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ಬಸ್ಸು ಕೆಟ್ಟು ನಿಂತು ನರ್ಸಮ್ಮ ಮಧ್ಯಾಹ್ನಕ್ಕೆ ಬಂದರು. ತಾಯಂದಿರು ಅವತ್ತಿನ ಕೂಲಿ ಬಿಟ್ಟು ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡಿದ್ದರು. ರುಕ್ಮಿಣಮ್ಮ ಬಾಕ್ಸಿನೊಳಗೆ ಕೈ ಹಾಕಿ ನೋಡಿದರು. ಐಸೆಲ್ಲ ಕರಗಿ ನೀರು ಉಗುರುಬೆಚ್ಚಗಿತ್ತು. ಇದನ್ನು ನಮ್ಮ ಮಕ್ಕಳಿಗೆ ಹಾಕಬೇಡಿ ಎಂದು ವಾಪಸು ಕಳಿಸಿದರು. ಕೆಟ್ಟ ಲಸಿಕೆ ಮಗುವನ್ನು ಕೊಲ್ಲುವುದಿಲ್ಲ, ಆದರೆ ಮಗುವಿಗೆ ಕಾವಲಿದೆ ಎಂದು ತಾಯಿ ನಂಬಿಬಿಡುತ್ತಾಳೆ, ಅದೇ ಮೋಸ ಎಂದು ಅವರ ವಾದ. ಕೂಲಿ ಕಳೆದುಕೊಂಡ ಹೆಂಗಸರು ಒಂದು ವಾರ ಅವರ ಹತ್ತಿರ ಮಾತು ಬಿಟ್ಟರು. ಆಸ್ಪತ್ರೆಯವರು ಮುಂದಿನ ಗುರುವಾರ ಬಾಕ್ಸಿನ ತುಂಬ ಐಸ್ ಇಟ್ಟು ಕಳಿಸಿದರು.

ಇಂಥ ರುಕ್ಮಿಣಮ್ಮ ಕಳೆದ ಮಾರ್ಗಶಿರದಲ್ಲಿ ಹಾಸಿಗೆ ಹಿಡಿದರು. ಚಳಿ ಶುರುವಾದರೆ ಅಂಗನವಾಡಿಯ ಮಕ್ಕಳಿಗೆಲ್ಲ ಮೂಗು ಸೋರುವುದು ಹೊಸದಲ್ಲ, ಆಕೆಗೆ ಉಬ್ಬಸ ಇರುವುದೂ ಹೊಸದಲ್ಲ. ಆದರೆ ಆ ಸಲ ಮಕ್ಕಳಿಂದ ಅಂಟಿದ್ದು ಫ್ಲೂ. ಮೂರು ದಿನದ ಜ್ವರ ಎದೆಗಿಳಿಯಿತು. ಗಂಡ ಗೋಪಾಲಪ್ಪ ಕಾರು ಮಾಡಿಕೊಂಡು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಒಂಬತ್ತು ದಿನ ಮುಖಕ್ಕೆ ಆಕ್ಸಿಜನ್ ಮಾಸ್ಕು. ಗಾಳಿ ಒಳಗೆಳೆಯುವುದೇ ದಿನವಿಡೀ ಮಾಡುವ ಕೆಲಸವಾಗಿಬಿಟ್ಟಿತ್ತು. ಬಿಡುಗಡೆಯ ದಿನ ಎದೆ ಡಾಕ್ಟರು ಚೀಟಿಯ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ತೋರಿಸಿದರು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ. ಈ ಸಲ ಉಳಿಸಿಕೊಂಡಿದ್ದೇವೆ, ಇನ್ನೊಂದು ಸಲ ಹೀಗೇ ಆದರೆ ಮಾತು ಕೊಡುವುದಕ್ಕಾಗುವುದಿಲ್ಲ ಎಂದರು.

ಕೆಲಸಕ್ಕೆ ವಾಪಸಾದ ರುಕ್ಮಿಣಮ್ಮ ಬೇರೆಯೇ ಹೆಂಗಸಾಗಿದ್ದರು. ಮೊದಲು ಚಾಪೆಯ ನಡುವೆ ಕೂತು ತೊಡೆಯ ಮೇಲೊಂದು, ಬೆನ್ನಿಗೊಂದು ಮಗುವನ್ನು ಅಂಟಿಸಿಕೊಂಡು ಹಾಡು ಹೇಳುತ್ತಿದ್ದವರು, ಈಗ ಚಾಪೆಯಿಂದ ನಾಲ್ಕು ಮಾರು ದೂರ ಕುರ್ಚಿ ಹಾಕಿಕೊಂಡರು. ಚಾಪೆಯ ಅಂಚು ದಾಟಬಾರದು ಎಂದು ಮಕ್ಕಳಿಗೆ ಕಲಿಸಿದರು. ಅತ್ತವರನ್ನು ಎತ್ತಿಕೊಳ್ಳುವ ಕೆಲಸ ಸಹಾಯಕಿ ಸಪ್ಪಲಮ್ಮನದಾಯಿತು.

ಎಲ್ಲರೂ ಹೊಂದಿಕೊಂಡರು, ಚಂದನ ಒಬ್ಬಳನ್ನು ಬಿಟ್ಟು. ಮೂರೂವರೆ ವರ್ಷದ ಹುಡುಗಿ. ಅವಳ ಅಮ್ಮ ಏರ್‌ಪೋರ್ಟಿನಲ್ಲಿ ಕ್ಲೀನಿಂಗ್ ಕೆಲಸಕ್ಕೆ ಹೋಗುವವಳು, ಕಂಪನಿ ಬಸ್ಸು ಬರುವ ಮುಂಚೆ ಮಗುವನ್ನು ಬಿಟ್ಟು ಓಡುತ್ತಾಳೆ. ಚಂದನಳಿಗೆ ವರ್ಷವಿಡೀ ನೆಗಡಿ. ದಿನಾ ಬೆಳಿಗ್ಗೆ ಚಾಪೆಯ ಅಂಚಿಗೆ ಬಂದು ಎರಡೂ ಕೈ ಚಾಚಿ ನಿಲ್ಲುತ್ತಿದ್ದಳು. ಸಪ್ಪಲಮ್ಮ ಎತ್ತಿಕೊಂಡರೆ ಅವರ ಭುಜದ ಮೇಲಿಂದ ಟೀಚರನ್ನೇ ನೋಡುತ್ತಿದ್ದಳು. ರುಕ್ಮಿಣಮ್ಮ ಹಾಜರಿ ಪುಸ್ತಕಕ್ಕೆ ತಲೆ ಬಗ್ಗಿಸುತ್ತಿದ್ದರು. ಎತ್ತಿಕೊಳ್ಳಬೇಕೆನಿಸುತ್ತಿತ್ತು, ಅದರ ಹಿಂದೆಯೇ ಆ ಮಾಸ್ಕು ನೆನಪಾಗುತ್ತಿತ್ತು. ಮಗುವಿಗೆ ಹೆದರಿ ಬದುಕುವ ಅಂಗನವಾಡಿ ಟೀಚರು ಯಾಕಿರಬೇಕು ಎಂದು ತಮ್ಮ ಮೇಲೆಯೇ ರೇಗುತ್ತಿತ್ತು. ಇನ್ನು ಎರಡೇ ವರ್ಷ ಕೆಲಸ. ಆ ಎರಡು ವರ್ಷವನ್ನು ಕುರ್ಚಿಯ ಮೇಲೆ ಕಳೆಯುವ ಮನಸ್ಸು ಅವರಿಗಿರಲಿಲ್ಲ.

ಹಾಗಾಗಿ ಈ ಸಲ ಗೌರಿ ಹಬ್ಬ ಮುಗಿದ ವಾರವೇ, ಚಳಿ ಬರುವ ಮುಂಚೆ, ಚೀಟಿ ಹಿಡಿದುಕೊಂಡು ನಂದೀಶ್ ಡಾಕ್ಟರ ಕ್ಲಿನಿಕ್ಕಿಗೆ ಹೋದರು. ನಂದೀಶ್ ಡಾಕ್ಟರು ಸುತ್ತಿನ ಹತ್ತು ಹಳ್ಳಿಗೆ ಇಪ್ಪತ್ತು ವರ್ಷದಿಂದ ಮನೆ ಡಾಕ್ಟರು. ಅವರ ಕ್ಲಿನಿಕ್ಕಿಗೆ ಹೋದವರು ಸೂಜಿ ಚುಚ್ಚಿಸಿಕೊಳ್ಳದೆ ಹೊರಗೆ ಬಂದದ್ದು ಯಾರಿಗೂ ನೆನಪಿಲ್ಲ. ಕೆಮ್ಮಿಗೊಂದು, ಸೊಂಟನೋವಿಗೊಂದು, ಬರೀ ಸುಸ್ತು ಎಂದರೂ ಒಂದು. ಅಂಥವರು ಚೀಟಿ ಓದಿ ಮೇಜಿನ ಮೇಲಿಟ್ಟು ತಲೆಯಾಡಿಸಿದರು.

"ಇದೆಲ್ಲ ಬೇಕಾಗಿಲ್ಲ ಟೀಚರಮ್ಮ. ದೊಡ್ಡಾಸ್ಪತ್ರೆಯವರು ಎಲ್ರಿಗೂ ಹಿಂಗೇ ಬರ್ದ್ ಕಳಿಸ್ತಾರೆ. ರಾಗಿ ಮುದ್ದೆ ತಿನ್ನೋ ಮೈ ನಿಮ್ದು."

"ಹೋದ್ ವರ್ಷಾನೂ ಮುದ್ದೇನೇ ತಿಂತಿದ್ದೆ ಡಾಕ್ಟ್ರೇ. ಆದ್ರೂ ಒಂಬತ್ ದಿನ ಮಲಗ್ಸಿದ್ರು."

ಡಾಕ್ಟರು ನಗಲಿಲ್ಲ. "ಅದನ್ನ ನಾನು ಇಟ್ಕೊಳ್ಳಲ್ಲ. ಕರೆಂಟು ಯಾವಾಗ ಹೋಗತ್ತೋ ಯಾವಾಗ ಬರತ್ತೋ, ಫ್ರಿಜ್ಜಲ್ಲಿ ಇದ್ದಿದ್ದೆಲ್ಲ ಹಾಳು."

"ನಾನೇ ತಂದ್ಕೊಟ್ರೆ?"

"ನೀವು ತಂದಿದ್ದೂ ಹಾಕಲ್ಲ. ನಾಳೆ ಒಂಚೂರು ಹೆಚ್ಚುಕಮ್ಮಿ ಆದ್ರೆ ನಿಮ್ಮೂರೋರೇ ಬಂದು ನನ್ ಬಾಗ್ಲಲ್ಲಿ ನಿಂತ್ಕೋತಾರೆ. ಸುಸ್ತೇನಾದ್ರೂ ಇದ್ರೆ ಹೇಳಿ, ಒಂದು ಬಿ ಕಾಂಪ್ಲೆಕ್ಸ್ ಹಾಕ್ತೀನಿ."

ಸುಸ್ತಿಲ್ಲ ಎಂದು ರುಕ್ಮಿಣಮ್ಮ ಎದ್ದು ಬಂದರು. ನಂದೀಶ್ ಡಾಕ್ಟರ ಕ್ಲಿನಿಕ್ಕಿನಿಂದ ಸೂಜಿಯಿಲ್ಲದೆ ಹೊರಬಿದ್ದ ಮೊದಲಿಗರೆಂಬ ಹೆಸರೊಂದು ಅವರಿಗೆ ದಕ್ಕಿತು.

ಮಾರನೆಯ ದಿನ ಸರ್ಕಾರಿ ಆಸ್ಪತ್ರೆಗೆ ಹೋದರು. ಅಲ್ಲಿಯ ನರ್ಸು ಪ್ರಮೋದಾ ಬೇರೆ ಯಾರೂ ಅಲ್ಲ, ಇವರ ಅಂಗನವಾಡಿಯಲ್ಲೇ ಅಆಇಈ ಕಲಿತವಳು. ಈಗ ಇಪ್ಪತ್ತೆಂಟರ ಹೆಣ್ಣು, ಗುರುವಾರದ ಬಾಕ್ಸ್ ತರುವವಳೂ ಅವಳೇ. ಟೀಚರ್ ಎಂದು ಎದ್ದು ನಿಂತು ಕುರ್ಚಿ ಕೊಟ್ಟಳು. ಆದರೆ ಕೇಳಿದ್ದು ಅವಳ ಹತ್ತಿರ ಇರಲಿಲ್ಲ.

"ನಮಗೆ ಬರೋದು ಮಕ್ಕಳದ್ದು, ಬಸುರೀರದ್ದು ಟೀಚರ್. ಫ್ಲೂದು ಆಸ್ಪತ್ರೆ ಸ್ಟಾಫಿಗೆ ಅಂತ ಒಂದಿಷ್ಟು ಬಂದಿತ್ತು, ಆಗ್ಲೇ ಮುಗ್ದೋಯ್ತು. ಇದ್ದಿದ್ರೂ ನಿಮ್ ಹೆಸ್ರು ಬರೆಯೋಕೆ ಆಗ್ತಿರ್ಲಿಲ್ಲ. ಅಂಗನವಾಡಿ ಬೇರೆ ಇಲಾಖೆ ಅಲ್ವಾ."

ರುಕ್ಮಿಣಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಮೂವತ್ತೊಂದು ವರ್ಷ ನಿಮ್ ಇಲಾಖೆ ಬಾಕ್ಸ್ ಇಡೋಕೆ ನನ್ ಮೇಜು ಆಗ್ತಿತ್ತು. ಮಕ್ಕಳನ್ನ ಹಿಡ್ಕೊಳ್ಳೋಕೆ ನನ್ ಕೈ ಆಗ್ತಿತ್ತು. ನನ್ ತೋಳು ಮಾತ್ರ ಬೇರೆ ಇಲಾಖೆದಾಯ್ತಾ ತಾಯಿ?"

ಪ್ರಮೋದಾ ತಲೆ ತಗ್ಗಿಸಿದಳು. ದೇವನಹಳ್ಳಿಯ ಮೆಡಿಕಲ್ ಸ್ಟೋರಿನಲ್ಲಿ ಈ ಚೀಟಿ ತೋರಿಸಿದರೆ ತರಿಸಿಕೊಡುತ್ತಾರೆ ಎಂದಳು. "ನೀವು ತನ್ನಿ. ನಮ್ ಡಾಕ್ಟ್ರ ಹತ್ರ ಒಂದ್ ಮಾತು ಕೇಳ್ಕೊಂಡು, ಗುರುವಾರ ನಿಮ್ಮೂರಿಗೆ ಬಂದಾಗ ನಾನೇ ಹಾಕ್ತೀನಿ. ತಣ್ಣಗೆ ಇಟ್ಕೊಂಡಿರಿ ಅಷ್ಟೇ."

"ಅದನ್ನ ನೀನು ನನಗೆ ಹೇಳ್ಬೇಕಾ," ಎಂದು ರುಕ್ಮಿಣಮ್ಮ ಹೊರಟರು. ಸಿಟ್ಟು ಅರ್ಧ ಇಳಿದಿತ್ತು.

ಸ್ಟೋರಿನವರು ಬುಧವಾರಕ್ಕೆ ತರಿಸಿಟ್ಟರು. ಬುಧವಾರವೇ ಕುಂದಾಣದಲ್ಲಿ ಕಾರ್ಯಕರ್ತೆಯರ ಮೀಟಿಂಗು. ತಮ್ಮ ದ್ರಾಕ್ಷಿ ತೋಟಕ್ಕೆ ಔಷಧಿ ತರಲು ಗೋಪಾಲಪ್ಪ ಹೇಗೂ ದೇವನಹಳ್ಳಿಗೆ ಹೋಗುವವರಿದ್ದರು, ಅವರೇ ತಂದರಾಯಿತು ಎಂದುಕೊಂಡರು. ಗೋಪಾಲಪ್ಪ ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಆಸ್ಪತ್ರೆಯ ಆ ಒಂಬತ್ತು ದಿನ ಹೆಂಡತಿಯ ಮಂಚದ ಪಕ್ಕದ ಸ್ಟೂಲಿನಿಂದ ಏಳದೆ ಕೂತಿದ್ದವರು. ಸ್ಟೋರಿನ ಹುಡುಗಿ ತಣ್ಣಗಿರಬೇಕು ಎಂದು ಎರಡು ಸಲ ಹೇಳಿ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ಕೊಟ್ಟಳು. ಅದನ್ನು ಟಿವಿಎಸ್ ಗಾಡಿಯ ಮುಂದೆ ಕಾಲಿನ ನಡುವೆ ಭದ್ರವಾಗಿಟ್ಟುಕೊಂಡು, ಗುಂಡಿ ಕಂಡಲ್ಲೆಲ್ಲ ಇಳಿದು ತಳ್ಳಿಕೊಂಡು ಊರಿಗೆ ತಂದರು. ಸಂಜೆ ಮೀಟಿಂಗಿನಿಂದ ಬಂದ ಹೆಂಡತಿ, ಇಟ್ಟಿದ್ದೀರಾ ಎಂದು ಕೇಳಿದರು. ಫ್ರಿಜ್ಜಲ್ಲಿಟ್ಟಿದೀನಿ ಎಂದರು.

ಗುರುವಾರ ಬೆಳಿಗ್ಗೆ ರುಕ್ಮಿಣಮ್ಮ ಫ್ರಿಜ್ಜು ತೆರೆದರು. ಹಾಲಿನ ಪಕ್ಕ ಇಲ್ಲ, ಮೊಸರಿನ ಹಿಂದೆ ಇಲ್ಲ. ಮೇಲಿನ ಐಸ್ ಪೆಟ್ಟಿಗೆಯ ಬಾಗಿಲು ಎಳೆದರು. ಲಸಿಕೆಯ ಡಬ್ಬಿ ಹಿಮಕ್ಕೆ ಅಂಟಿಕೊಂಡು ಕೂತಿತ್ತು, ಕಿತ್ತುಕೊಳ್ಳಬೇಕಾಯಿತು. ಒಳಗೆ ಸಿರಿಂಜಿನಲ್ಲಿದ್ದ ಔಷಧಿ ಗಟ್ಟಿಯಾಗಿತ್ತು.

"ತಣ್ಣಗಿರ್ಬೇಕು ಅಂದ್ರು," ಎಂದರು ಗೋಪಾಲಪ್ಪ. "ಕೆಳಗೆ ಅಷ್ಟೊಂದು ತಣ್ಣಗಿರಲ್ವಲ್ಲ. ಇನ್ನೂ ಚೆನ್ನಾಗಿರ್ಲಿ ಅಂತ ಮೇಲಿಟ್ಟೆ."

ರುಕ್ಮಿಣಮ್ಮನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮುಖ ನೋಡುತ್ತಾ ನಿಂತಿದ್ದ ಆ ಮನುಷ್ಯನನ್ನು ಕಂಡು ನುಂಗಿಕೊಂಡರು. ಲಸಿಕೆ ತಣ್ಣಗಿರಬೇಕು, ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದರೆ ಅದರ ಶಕ್ತಿ ಹೋಯಿತು. ಟ್ರೈನಿಂಗಿನಲ್ಲಿ ನೂರು ಸಲ ಕೇಳಿದ ಪಾಠ. ತಮ್ಮ ಮನೆಯಲ್ಲೇ ಅದನ್ನು ಯಾರಿಗೂ ಹೇಳಿರಲಿಲ್ಲ.

ಅಂಗನವಾಡಿಗೆ ಹೊರಡುವ ಹೊತ್ತಿಗೆ ಐಸ್ ಕರಗಿ ಔಷಧಿ ಮತ್ತೆ ನೀರಿನಷ್ಟು ತಿಳಿಯಾಗಿತ್ತು. ಬೆಳಕಿಗೆ ಹಿಡಿದು ನೋಡಿದರು. ಯಾರ ಕಣ್ಣಿಗೂ ಏನೂ ಕಾಣುವಂತಿರಲಿಲ್ಲ. ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡರು. ಯಾಕೆ ಹಾಕಿಕೊಂಡೆ ಎಂದು ದಾರಿಯುದ್ದಕ್ಕೂ ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ, ಕೇಳಿಕೊಂಡರೆ ಉತ್ತರ ಕೊಡಬೇಕಾಗುತ್ತಿತ್ತು.

ಪ್ರಮೋದಾ ಹೇಳಿದ ಹೊತ್ತಿಗೆ ಬಂದಳು. ತನ್ನ ಡಾಕ್ಟರನ್ನು ಒಪ್ಪಿಸಿಕೊಂಡು ಬಂದಿದ್ದಳು. ಎರಡು ಕೂಸುಗಳಿಗೆ ಸೂಜಿ ಹಾಕಿ ಮುಗಿಸಿ, ಬನ್ನಿ ಟೀಚರ್ ಎಂದಳು. ರುಕ್ಮಿಣಮ್ಮ ರವಿಕೆಯ ತೋಳು ಮೇಲೆ ಸರಿಸಿ ಕೂತರು. ಪ್ರಮೋದಾ ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದಳು, ಡಬ್ಬಿಯ ಮೇಲಿನ ತಾರೀಖು ಓದಿದಳು, ಸಿರಿಂಜ್ ಕೈಗೆ ತೆಗೆದುಕೊಂಡಳು. ಆಮೇಲೆ ಕೇಳಿದಳು.

"ಮನೇಲಿ ಎಲ್ಲಿಟ್ಟಿದ್ರಿ ಟೀಚರ್?"

ಫ್ರಿಜ್ಜಲ್ಲಿ ಎಂದರೆ ಸುಳ್ಳೂ ಆಗುತ್ತಿರಲಿಲ್ಲ. ಗೋಪಾಲಪ್ಪ ಹೇಳಿದ್ದೂ ಅದೇ ಮಾತು. ಆ ಒಂದು ಮಾತು ಹೇಳಿದರೆ ಇವತ್ತಿಗೆ ಇದು ಮುಗಿಯುತ್ತದೆ, ಇನ್ನೊಬ್ಬರ ಬಾಗಿಲು ಕಾಯಬೇಕಾಗಿಲ್ಲ. ಚಾಪೆಯ ಅಂಚಿನಲ್ಲಿ ಚಂದನ ಮೂಗು ಸುರಿಸಿಕೊಂಡು ನಿಂತು, ಟೀಚರಿಗೆ ಸೂಜಿ ಹಾಕುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ರುಕ್ಮಿಣಮ್ಮ ಅವಳ ಕಡೆ ನೋಡಿದರು. ಕಾವಲಿದೆ ಎಂದು ನಂಬಿ ಈ ಮಗುವನ್ನು ಎತ್ತಿಕೊಳ್ಳುತ್ತೇನೆ, ಕಾವಲು ಮಾತ್ರ ಇರುವುದಿಲ್ಲ.

"ಮೇಲ್ಗಡೆ ಇಟ್ಟಿದ್ರು," ಎಂದರು. "ಬೆಳಿಗ್ಗೆ ನೋಡಿದ್ರೆ ಗಡ್ಡೆ ಆಗಿತ್ತು."

ಪ್ರಮೋದಾ ಸಿರಿಂಜಿನ ಮುಚ್ಚಳ ತೆಗೆಯಲೇ ಇಲ್ಲ. ಅದನ್ನು ಕಸದ ಚೀಲದ ಪಕ್ಕ ಇಟ್ಟು, ಒರೆಸಿದ ತೋಳಿನ ಮೇಲೆ ರವಿಕೆಯನ್ನು ತಾನೇ ಕೆಳಗೆಳೆದಳು.

"ಆ ಐಸ್ ಬಾಕ್ಸ್ ವಾಪಸ್ ಕಳಿಸಿದ ದಿನ ನಾನೂ ಸಾಲಲ್ಲಿ ಕೂತಿದ್ದೆ ಟೀಚರ್. ಸೂಜಿ ತಪ್ತು ಅಂತ ಕುಣಿದಾಡಿದ್ದೆ."

"ಗೊತ್ತು. ಮುಂದಿನ ಗುರುವಾರ ನನ್ ಕೈ ಕಚ್ಚಿದ್ದೂ ನೀನೇ."

ಇಬ್ಬರೂ ನಕ್ಕರು, ಆದರೆ ರುಕ್ಮಿಣಮ್ಮನ ಕಣ್ಣು ತುಂಬಿಕೊಂಡಿತು. ಇಷ್ಟು ಸಣ್ಣದೊಂದು ಸೂಜಿಗೆ ಎಷ್ಟು ಜನರ ಮುಂದೆ ಕೈಯೊಡ್ಡುವುದು ಎಂದು ದುಃಖವಾಯಿತು. ಪ್ರಮೋದಾ ಬಾಕ್ಸ್ ಮುಚ್ಚುತ್ತಾ ಯೋಚಿಸುತ್ತಿದ್ದವಳು ತಲೆಯೆತ್ತಿದಳು.

"ದೇವನಹಳ್ಳೀಲಿ ಮಕ್ಕಳ ಡಾಕ್ಟ್ರು ಒಬ್ರಿದ್ದಾರೆ. ಚಿಕ್ಕ ಮಕ್ಕಳಿಗೆ ಫ್ಲೂ ಲಸಿಕೆ ಅವರು ಯಾವಾಗ್ಲೂ ಇಟ್ಟಿರ್ತಾರೆ, ಫ್ರಿಜ್ಜಿಗೆ ಬ್ಯಾಟ್ರಿ ಇದೆ. ದೊಡ್ಡೋರಿಗೆ ಹಾಕ್ತಾರೋ ಇಲ್ವೋ ಗೊತ್ತಿಲ್ಲ. ಕೇಳಿ ನೋಡಿ ಟೀಚರ್. ಹೆಚ್ಚಂದ್ರೆ ಇಲ್ಲ ಅಂತಾರೆ."

ಇಲ್ಲ ಎನ್ನಿಸಿಕೊಳ್ಳುವುದು ಆ ಹೊತ್ತಿಗೆ ರುಕ್ಮಿಣಮ್ಮನಿಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಶನಿವಾರ ಮಧ್ಯಾಹ್ನ ಅಂಗನವಾಡಿ ಬಾಗಿಲು ಹಾಕಿ, ಗಂಡನ ಗಾಡಿಯ ಹಿಂದೆ ಕೂತು ಹೋದರು. ಕ್ಲಿನಿಕ್ಕಿನ ಗೋಡೆಯ ತುಂಬ ಆನೆ, ಮೊಲ, ಚಿಟ್ಟೆ. ಬೆಂಚಿನ ತುಂಬ ಅಳುವ ಕೂಸುಗಳು. ಚೀಟಿ ಬರೆಯುವ ಹುಡುಗಿ ತಲೆಯೆತ್ತದೆ ಕೇಳಿದಳು.

"ಮಗು ಹೆಸ್ರು?"

"ರುಕ್ಮಿಣಮ್ಮ."

"ಎಷ್ಟು ತಿಂಗ್ಳು?"

"ಐವತ್ತೆಂಟು ವರ್ಷ ಕಣಮ್ಮ. ತಿಂಗಳಲ್ಲೇ ಬೇಕು ಅಂದ್ರೆ ಪೆನ್ನು ಕೊಡು, ಲೆಕ್ಕ ಹಾಕ್ತೀನಿ."

ಹುಡುಗಿ ಆಗ ತಲೆಯೆತ್ತಿದಳು. ಒಳಗಿದ್ದ ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಆಸ್ಪತ್ರೆಯ ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಈಗ ಜ್ವರ ಇದೆಯಾ, ಹಿಂದೆ ಯಾವ ಸೂಜಿಯಾದರೂ ಒಗ್ಗದೆ ಹೋಗಿತ್ತಾ ಎಂದು ವಿಚಾರಿಸಿದರು.

"ದೊಡ್ಡೋರಿಗೂ ಇದೇ ಲಸಿಕೆ ಅಮ್ಮ. ಮೊಮ್ಮಕ್ಕಳ ಜೊತೆ ಬರೋ ಅಜ್ಜಿ ತಾತಂದಿರಿಗೂ ಹಾಕ್ತೀನಿ. ಇಷ್ಟು ದಿನ ಯಾಕೆ ಬರ್ಲಿಲ್ಲ?"

ರುಕ್ಮಿಣಮ್ಮ ಗೊತ್ತಿರಲಿಲ್ಲ ಎಂದರು. ನರ್ಸು ಫ್ರಿಜ್ಜಿನ ಕೆಳಗಿನ ಅರೆಯಿಂದ ಡಬ್ಬಿ ತೆಗೆಯುವುದನ್ನು ಕತ್ತು ಚಾಚಿ ನೋಡಿ ಖಾತ್ರಿ ಮಾಡಿಕೊಂಡರು. ಆ ನರ್ಸು ದಿನಾ ಕೇಳುವ ಮಾತನ್ನೇ ರೂಢಿಯ ಮೇಲೆ ಕೇಳಿದಳು, "ಹಿಡ್ಕೊಳ್ಳೋಕೆ ಯಾರ್ ಬಂದಿದೀರಾ?"

ಬಾಗಿಲಲ್ಲಿ ಹೆಂಡತಿಯ ಬ್ಯಾಗು ಹಿಡಿದು ನಿಂತಿದ್ದ ಗೋಪಾಲಪ್ಪ ಬಂದು ಆಕೆಯ ಬಲಗೈ ಹಿಡಿದುಕೊಂಡರು. ಗುರುವಾರದಿಂದ ಆ ಮನುಷ್ಯ ಸರಿಯಾಗಿ ಊಟ ಮಾಡಿರಲಿಲ್ಲ. ರುಕ್ಮಿಣಮ್ಮ ಬೇಡ ಎನ್ನಲಿಲ್ಲ. ಸೂಜಿ ಒಳಗಿಳಿಯುವಾಗ ತಾವು ಕಣ್ಣು ಮುಚ್ಚಿಕೊಂಡಿರುವುದು ಅವರಿಗೇ ಗೊತ್ತಾಗಿ ನಾಚಿಕೆಯಾಯಿತು. ಇರುವೆ ಕಚ್ಚಿದ ಹಾಗಂತೂ ಇರಲಿಲ್ಲ.

ಅರ್ಧ ಗಂಟೆ ಕೂತು ಹೋಗಿ ಎಂದರು ಡಾಕ್ಟರು. ಹತ್ತು ನಿಮಿಷಕ್ಕೇ ಏಳಲು ಹೊರಟ ಗಂಡನನ್ನು ಜಗ್ಗಿ ಕೂರಿಸಿ ರುಕ್ಮಿಣಮ್ಮ ಪೂರ್ತಿ ಅರ್ಧ ಗಂಟೆ ಕೂತರು. ಹೊರಡುವಾಗ ಕೈಗೊಂದು ಕಾರ್ಡು ಕೊಟ್ಟರು. ಮೇಲೆ ಹಳದಿ ಬಾತುಕೋಳಿಯ ಚಿತ್ರ, ಕೆಳಗೆ ಅವರ ಹೆಸರು, ಮುಂದಿನ ವರ್ಷದ ತಾರೀಖು. ಡಾಕ್ಟರು ಹೇಳಿದ್ದು ಇಷ್ಟು. ಲಸಿಕೆ ಕೆಲಸ ಶುರು ಮಾಡಲು ಎರಡು ವಾರ ಬೇಕು. ಆಮೇಲೂ ಫ್ಲೂ ಬರುವುದೇ ಇಲ್ಲ ಅಂತಲ್ಲ, ಬಂದರೂ ಆಸ್ಪತ್ರೆ ಸೇರುವಷ್ಟು ಆಗುವ ಸಂಭವ ಕಡಿಮೆ.

ಆ ಎರಡು ವಾರ ರುಕ್ಮಿಣಮ್ಮ ಕುರ್ಚಿ ಬಿಟ್ಟು ಕದಲಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆದರು. ಸಪ್ಪಲಮ್ಮ ಏನು ಟೀಚರ್ ಇದು, ಹಬ್ಬ ಲೆಕ್ಕ ಹಾಕ್ತಿದೀರಾ ಎಂದು ಕೇಳಿದರೆ ಹೌದು ಎನ್ನುತ್ತಿದ್ದರು.

ಎರಡು ವಾರ ಕಳೆದ ಸೋಮವಾರ ಬೆಳಿಗ್ಗೆ ಬೇಗ ಬಂದು, ಕುರ್ಚಿಯನ್ನು ಅಡುಗೆ ಕೋಣೆಗೆ ಸಾಗಿಸಿ, ಚಾಪೆಯ ನಡುವೆ ಕಾಲು ಮಡಚಿ ಕೂತರು. ಚಂದನ ಬಂದಳು. ಅಮ್ಮ ಬಸ್ಸಿಗೆ ಓಡಿದಳು. ಮಗು ಚಾಪೆಯ ಅಂಚಿನವರೆಗೆ ನಡೆದು ಅಲ್ಲೇ ನಿಂತಿತು. ಅವತ್ತು ಕೈ ಚಾಚಲಿಲ್ಲ. ಇಷ್ಟು ತಿಂಗಳಲ್ಲಿ ಅವಳೂ ಪಾಠ ಕಲಿತಿದ್ದಳು.

"ಬಾರೇ ಚಂದನ," ಎಂದು ರುಕ್ಮಿಣಮ್ಮ ತಾವೇ ಎರಡೂ ಕೈ ಚಾಚಿದರು.

ಮಗು ಸಪ್ಪಲಮ್ಮನ ಕಡೆ ನೋಡಿತು, ಚಾಪೆಯ ಅಂಚು ನೋಡಿಕೊಂಡಿತು, ಆಮೇಲೆ ಮೆಲ್ಲಗೆ ಒಂದು ಕಾಲು ಒಳಗಿಟ್ಟಿತು. ತೊಡೆಯ ಮೇಲೆ ಕೂತು ಕೇಳಿತು.

"ಟೀಚರ್, ನಿಮಗೆ ಸೂಜಿ ಹಾಕಿದ್ರಾ?"

"ಹ್ಞೂಂ, ಹಾಕಿದ್ರು."

"ನೋವಾಯ್ತಾ?"

ಇರುವೆ ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. "ನೋವಾಯ್ತು ಕಣೇ," ಎಂದರು ರುಕ್ಮಿಣಮ್ಮ. "ತಾತ ಕೈ ಹಿಡ್ಕೊಂಡಿದ್ರು."

ಚಂದನ ಅದನ್ನು ಯೋಚಿಸಿ ನೋಡಿದಳು. ಆಮೇಲೆ ಟೀಚರ ಸೆರಗು ಎಳೆದುಕೊಂಡು ಮೂಗು ಒರೆಸಿಕೊಂಡಳು. ರುಕ್ಮಿಣಮ್ಮ ಸೆರಗಿನ ಇನ್ನೊಂದು ತುದಿಯನ್ನೂ ಅವಳ ಕೈಗೆ ಕೊಟ್ಟರು.